ದಟ್ಟ ಕಾಡಿನ ಜಿಂಕೆಗೆ ಯಾವ ಕ್ಯಾಲಿಬರ್?

ಪ್ರಶ್ನೆ: ನಮ್ಮದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ನಾನು ಈಗ ಎಚ್‌-1ಬಿ ವೀಸಾದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಗಳು ಈ ಸಲ ಜಿಂಕೆ ಬೇಟೆಗೆ ಕರೆದಿದ್ದಾರೆ. ಅವರಲ್ಲೊಬ್ಬರು ತಮ್ಮ .30-30 ಲಿವರ್ ರೈಫಲ್ ಅಥವಾ .300 ವಿಂಚೆಸ್ಟರ್ ಮ್ಯಾಗ್ನಮ್, ಯಾವುದು ಬೇಕೋ ಅದನ್ನು ಕೊಡುತ್ತೇನೆ ಎನ್ನುತ್ತಾರೆ. ಅಂಗಡಿಯವರು ಹೊಸ .308 ಕೊಳ್ಳಿ ಎನ್ನುತ್ತಾರೆ. ಊರಿನಲ್ಲಿ ಅಪ್ಪನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ 12 ಬೋರ್ ಬಂದೂಕಿದೆ. ಅದನ್ನು ಒರೆಸಿ ಎತ್ತಿಟ್ಟಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಮೈಕಟ್ಟು ಸಣ್ಣದು. ಕಾಡಿನ ಜಿಂಕೆಗೆ ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ಸರಿ? ಮುಂದೆ ಆ ರೈಫಲನ್ನು ಊರಿಗೆ ತಂದರೆ ಜೋಳದ ಹೊಲಕ್ಕೆ ನುಗ್ಗುವ ಚಿಗರಿಗಳನ್ನು ಓಡಿಸಲು ಉಪಯೋಗವಾದೀತೆ?

ಉತ್ತರ: ಕೈಯಲ್ಲಿರುವ ಎರಡರಲ್ಲಿ ಒಂದನ್ನು ಆರಿಸುವುದಾದರೆ .30-30 ತೆಗೆದುಕೊಳ್ಳಿ. ಮ್ಯಾಗ್ನಮ್ ಅನ್ನು ವಂದಿಸಿ ಹಿಂದಿರುಗಿಸಿ. ಸ್ವಂತಕ್ಕೆ ಕೊಳ್ಳುವ ಮನಸ್ಸಾದರೆ .308ಕ್ಕೂ ಮೊದಲು 7 ಎಂಎಂ-08 ರೆಮಿಂಗ್ಟನ್ ನೋಡಿ. ಕಾರಣಗಳನ್ನು ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ನಿಮ್ಮ ವೀಸಾದ ವಿಷಯ ಹೇಳದೆ ಮುಂದಕ್ಕೆ ಹೋಗಲಾರೆ, ಏಕೆಂದರೆ ಅಲ್ಲಿ ತಪ್ಪಿದರೆ ಕ್ಯಾಲಿಬರ್ ಯಾವುದಾದರೂ ನಿಮ್ಮನ್ನು ಉಳಿಸುವುದಿಲ್ಲ.

ಎಚ್‌-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಎರವಲು ಪಡೆದದ್ದಾದರೂ ಅಷ್ಟೇ. ಇದಕ್ಕಿರುವ ಮುಖ್ಯ ವಿನಾಯಿತಿ, ಅಲ್ಲಿನ ಯಾವುದಾದರೊಂದು ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ನಿಮ್ಮ ಬಳಿ ಇರುವುದು. ಅಂದರೆ ಕ್ರಮ ಹೀಗಿರಬೇಕು: ಮೊದಲು ಬೇಟೆಗಾರರ ಸುರಕ್ಷತಾ ತರಬೇತಿ, ಆಮೇಲೆ ಪರವಾನಗಿ, ಅದು ಜೇಬಿಗೆ ಬಂದ ಮೇಲೆ ರೈಫಲ್. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಪರವಾನಗಿ ಪಡೆಯುವವರಿಗೆ ತರಬೇತಿ ಕಡ್ಡಾಯ. ಪರವಾನಗಿಯ ವರ್ಷ ಜುಲೈ 1ರಿಂದ ಜೂನ್ 30ರವರೆಗೆ; ಅವಧಿ ಮುಗಿದ ಮರುದಿನ ನಿಮ್ಮ ವಿನಾಯಿತಿಯೂ ಮುಗಿಯುತ್ತದೆ. ಅಭ್ಯಾಸಕ್ಕೆಂದು ಗೆಳೆಯರು ಪರವಾನಗಿಗೆ ಮೊದಲೇ ಮೈದಾನಕ್ಕೆ ಕರೆದರೆ ಹೋಗಬೇಡಿ. ಅವರು ಅಲ್ಲಿಯೇ ಹುಟ್ಟಿದವರು, ಈ ನಿಯಮ ಅವರ ಗಮನಕ್ಕೇ ಬಂದಿರಲಿಕ್ಕಿಲ್ಲ. ಒಮ್ಮೆ ವಲಸೆ ವಕೀಲರೊಬ್ಬರನ್ನೂ ಕೇಳಿಕೊಳ್ಳಿ; ವರ್ಷಗಟ್ಟಲೆ ದುಡಿದು ಕಟ್ಟಿಕೊಂಡ ಬದುಕು ಒಂದು ಪೆಟ್ಟಿಗೆ ತೋಟಾಕ್ಕೆ ಬಲಿಯಾಗಬಾರದು.

ಇನ್ನು ಕ್ಯಾಲಿಬರ್.

ನಮ್ಮ ಸೀಮೆಯವರು ಈ ವಿಷಯದಲ್ಲಿ ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ. ಸಿರುಗುಪ್ಪದ ಎರೆ ಹೊಲದ ಬದುವಿನ ಮೇಲೆ ನಿಂತರೆ ಕಣ್ಣು ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಬಯಲು. ಅಂತಹ ನೆಲದಲ್ಲಿ ಬೆಳೆದವನಿಗೆ ದೂರ ಹೊಡೆಯುವ ಬಂದೂಕೇ ಒಳ್ಳೆಯ ಬಂದೂಕು ಎಂದು ಅನ್ನಿಸುವುದು ಸಹಜ. ಪೆನ್ಸಿಲ್ವೇನಿಯಾದ ಓಕ್ ಮತ್ತು ಮೇಪಲ್ ಕಾಡು ಹಾಗಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿ ನಡೆದಿದ್ದರೆ ನಿಮಗೆ ಅದರ ಅಂದಾಜು ಸಿಕ್ಕೀತು: ಮುಂದೆ ಗಿಡ, ಅದರಾಚೆ ಮರ, ಎರಡರ ನಡುವಿನ ಸಂದಿಯಲ್ಲಿ ಮಾತ್ರ ನೋಟ. ಎಲೆ ಉದುರಿದ ಮೇಲೂ ಅಲ್ಲಿ ಜಿಂಕೆ ಕಾಣಿಸುವುದು ಬಹುಪಾಲು 100 ಗಜದ ಒಳಗೆ, ಎಷ್ಟೋ ಸಲ 50 ಗಜದ ಒಳಗೆ. ಮಗಳ ಮನೆ ಆ ಕಡೆ ಇರುವುದರಿಂದ ಆ ಕಾಡುಗಳಲ್ಲಿ ಬೇಟೆಗಾರರ ಪಕ್ಕದಲ್ಲಿ ಕುಳಿತು ನಾನೂ ನೋಡಿದ್ದೇನೆ. ಮೊದಲು ಕಿವಿಯೊಂದು ಅಲುಗುತ್ತದೆ, ಆಮೇಲೆ ಕಾಲು, ಇಡೀ ಪ್ರಾಣಿ ಕಾಣಿಸುವ ಹೊತ್ತಿಗೆ ಅದು ಹತ್ತಿರವೇ ಇರುತ್ತದೆ. ಮುನ್ನೂರು ಗಜದಲ್ಲಿ ಗುಂಡು ಎಷ್ಟು ಇಳಿಯುತ್ತದೆ ಎಂಬ ಲೆಕ್ಕಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಕೆಲಸವಿರುವುದು ಯಾವುದಕ್ಕೆ? ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಸೇರಿದ ಭಾಗ ಸುಮಾರು 8 ಇಂಚು ಅಗಲದ್ದು. ಗುಂಡು ಆ ವೃತ್ತದೊಳಗೆ ಹೊಕ್ಕು, ಅರಳಿ, ಎರಡೂ ಶ್ವಾಸಕೋಶಗಳನ್ನು ಹಾಯ್ದು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬರಬೇಕು. ಆಗ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ. ಓಡಿದರೂ ಎರಡು ರಂಧ್ರಗಳಿಂದ ಸುರಿದ ರಕ್ತ ದಾರಿ ತೋರಿಸುತ್ತದೆ. ಇಷ್ಟನ್ನು ಮಾಡಬಲ್ಲ ಕ್ಯಾಲಿಬರ್‌ಗಳು ಹತ್ತಾರು. ಅವುಗಳಲ್ಲಿ ನೀವು ಬೆಚ್ಚದೆ, ಕಣ್ಣು ಮುಚ್ಚದೆ, ಆ 8 ಇಂಚಿನೊಳಗೆ ಪ್ರತಿ ಸಲ ಗುಂಡು ಇಡಬಲ್ಲದ್ದು ಯಾವುದೋ ಅದೇ ನಿಮ್ಮ ಕ್ಯಾಲಿಬರ್. ಸೈನ್ಯದಲ್ಲಿ ಹುಡುಗರಿಗೆ ಗುರಿ ಕಲಿಸಿದ ದಿನಗಳಿಂದ ಇಂದಿನವರೆಗೆ ನಾನು ಈ ಮಾತಿನಿಂದ ಹಿಂದೆ ಸರಿದಿಲ್ಲ.

ಅಂಕಿಗಳನ್ನೂ ನೋಡೋಣ, ಏಕೆಂದರೆ ಅಂಗಡಿಯಲ್ಲಿ ನಿಮ್ಮ ಮುಂದೆ ಇಡುವುದು ಅವುಗಳನ್ನೇ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ನಮ್ಮ ಹಳೆಯ ಒಂದು ತೊಲ ಎಂದರೆ ಸರಿಯಾಗಿ 180 ಗ್ರೇನ್. 150 ಗ್ರೇನ್ ಗುಂಡು ತೊಲಕ್ಕೆ ತುಸು ಕಡಿಮೆ, ಹತ್ತಿರ ಹತ್ತಿರ 10 ಗ್ರಾಂ. .30-30 ವಿಂಚೆಸ್ಟರ್ ಪೇಟೆಗೆ ಬಂದದ್ದು 1895ರಲ್ಲಿ. ಅದರ 170 ಗ್ರೇನ್ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಟು, 100 ಗಜ ತಲುಪುವಾಗ ಸುಮಾರು 1,350 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರುತ್ತದೆ. ಜಿಂಕೆಗೆ 1,000 ಅಡಿ-ಪೌಂಡ್ ಇದ್ದರೆ ಸಾಕು ಎಂಬ ರೂಢಿಯ ಅಳತೆಯೊಂದಿದೆ. ಅದು ಒರಟು ಅಳತೆಯೇ, ಆದರೂ ಅದಕ್ಕಿಂತ ಇದು ಮೇಲೆಯೇ ಇದೆ. .308 ವಿಂಚೆಸ್ಟರ್ 1952ರದ್ದು. 150 ಗ್ರೇನ್ ಗುಂಡು 2,820 ಅಡಿ ವೇಗದಲ್ಲಿ ಹೊರಟು 100 ಗಜದಲ್ಲಿ 2,100 ಅಡಿ-ಪೌಂಡ್‌ಗಿಂತ ಹೆಚ್ಚು ಹೊತ್ತಿರುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನ 180 ಗ್ರೇನ್ ಗುಂಡು ಅದೇ ದೂರದಲ್ಲಿ 3,000 ದಾಟುತ್ತದೆ. ಎಪ್ಪತ್ತು ಎಂಬತ್ತು ಕಿಲೋ ತೂಗುವ, ತೆಳು ಚರ್ಮದ ಪ್ರಾಣಿಗೆ ಅಷ್ಟು ಶಕ್ತಿಯ ಅಗತ್ಯವೇ ಇಲ್ಲ. ಆ ತೋಟಾವನ್ನು ರೂಪಿಸಿದ್ದು ದೂರದ ಬಯಲಿಗೆ, ದೊಡ್ಡ ಮೃಗಗಳಿಗೆ. ಐವತ್ತು ಗಜದಲ್ಲಿ ಅದು ಬಡಿದರೆ ಮೆದು ಗುಂಡು ಚೂರಾಗಿ, ಮುಂಗಾಲಿನ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಕೆಡುತ್ತದೆ.

ಮಾಂಸ ಕೆಟ್ಟರೆ ಕೆಡಲಿ ಎನ್ನಬಹುದು. ಮ್ಯಾಗ್ನಮ್ ಬೇಡ ಎನ್ನಲು ದೊಡ್ಡ ಕಾರಣ ನಿಮ್ಮ ಭುಜ. ಸಾಮಾನ್ಯ ತೂಕದ ರೈಫಲ್‌ನಲ್ಲಿ .243 ವಿಂಚೆಸ್ಟರ್ ಹಿಂದಕ್ಕೆ ಒದೆಯುವ ಬಲ ಸುಮಾರು 9 ಅಡಿ-ಪೌಂಡ್; .30-30ರದ್ದು 11 ಅಥವಾ 12; .308ರದ್ದು 16ರ ಆಸುಪಾಸು; .30-06ರದ್ದು 20; .300 ಮ್ಯಾಗ್ನಮ್‌ನದ್ದು 25ಕ್ಕೂ ಮೇಲೆ. ಮೊದಲ ಸಲ ಹಿಡಿದವನಿಗೆ 15 ದಾಟಿದರೆ ದೇಹ ತಾನಾಗಿಯೇ ಮುಂದಿನ ಪೆಟ್ಟಿಗೆ ಸಿದ್ಧವಾಗತೊಡಗುತ್ತದೆ. ಬೆರಳು ಬಂದೂಕಿನ ಕುದುರೆಯನ್ನು (ಟ್ರಿಗರ್) ಒತ್ತುವ ಕ್ಷಣದಲ್ಲಿ ಭುಜ ಮುಂದಕ್ಕೆ ನೂಕುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಗೆ ಜಗ್ಗುತ್ತದೆ. ಇದನ್ನು ಧೈರ್ಯದಿಂದ ಗೆಲ್ಲಲಾಗದು. ಎದೆಗಾರಿಕೆಯ ಜವಾನರಲ್ಲೂ ನಾನು ಇದನ್ನು ಕಂಡಿದ್ದೇನೆ. ಗಾಯಗೊಂಡ ಜಿಂಕೆ ಕಾಡಿನಲ್ಲಿ ಇಡೀ ರಾತ್ರಿ ನರಳುವುದಕ್ಕೆ ಕಾರಣ ಹೆಚ್ಚಿನ ಸಲ ಸಣ್ಣ ಕ್ಯಾಲಿಬರ್ ಅಲ್ಲ, ಹೀಗೆ ತಪ್ಪಿದ ಗುರಿ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ .243 ಗುಂಡು ಆ ಪ್ರಾಣಿಗೆ ಮಾಡುವ ದೊಡ್ಡ ಉಪಕಾರ.

7 ಎಂಎಂ-08 ಬಗ್ಗೆ ನನಗೆ ಒಲವು ಇರುವುದು ಇದೇ ಕಾರಣಕ್ಕೆ. ರೆಮಿಂಗ್ಟನ್ ಕಂಪನಿ 1980ರಲ್ಲಿ ಅದನ್ನು ಪೇಟೆಗೆ ತಂದಿತು. .308ರ ಹಿತ್ತಾಳೆ ಕೊಪ್ಪನ್ನೇ ಕತ್ತಿನಲ್ಲಿ ಕಿರಿದು ಮಾಡಿ 7 ಮಿಲಿಮೀಟರ್ ಗುಂಡು ಕೂರಿಸಿದ್ದಾರೆ. 1955ರ .243 ಕೂಡ ಅದೇ ಕೊಪ್ಪಿನ ಇನ್ನೊಂದು ರೂಪ. 140 ಗ್ರೇನ್ ಗುಂಡಿನ 7 ಎಂಎಂ-08, ಜಿಂಕೆಯ ಮಟ್ಟಿಗೆ .308 ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ಒದೆತ ಮಾತ್ರ ಎದ್ದು ಕಾಣುವಷ್ಟು ಕಡಿಮೆ. .243 ಇನ್ನೂ ಮೃದು, ಆದರೆ ಅದರ 95 ಅಥವಾ 100 ಗ್ರೇನ್ ಗುಂಡು ಭುಜದ ಮೂಳೆಗೆ ಓರೆಯಾಗಿ ತಗುಲಿದರೆ ಉಳಿಕೆ ಬಲ ಕಡಿಮೆ. ಪಳಗಿದ ಕೈಗೆ ಅದು ಸಾಕು, ಹೊಸಬರಿಗೆ ತಪ್ಪು ತಿದ್ದಿಕೊಳ್ಳಲು ತುಸು ಜಾಗವಿರುವುದು ಒಳ್ಳೆಯದು. ಅಂಗಡಿಯವರ .308 ಸಲಹೆಯಲ್ಲಿ ತಪ್ಪೇನೂ ಇಲ್ಲ. ತೋಟಾ ಎಲ್ಲೆಡೆ ಸಿಗುತ್ತದೆ, ಕಡಿಮೆ ಒದೆಯುವಂತೆ ತುಂಬಿದ ತೋಟಾಗಳೂ ಇವೆ. .270, .30-06, 6.5 ಕ್ರೀಡ್‌ಮೋರ್ ಎಲ್ಲವೂ ಜಿಂಕೆಗೆ ಸಾಕಾದಂಥವೇ. ಅವುಗಳ ಪಕ್ಷಪಾತಿಗಳು ರಾತ್ರಿಯಿಡೀ ವಾದಿಸಲಿ, ನಿಮಗೆ ಬೇಡ. ಒಂದು ಮಾತು: ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಅರೆ-ಸ್ವಯಂಚಾಲಿತ ರೈಫಲ್ ಬಳಸುವಂತಿಲ್ಲ. ಪ್ರತಿ ಗುಂಡಿಗೂ ಕೈಯಿಂದ ತೋಟಾ ಏರಿಸಬೇಕಾದ ಬೋಲ್ಟ್ ಅಥವಾ ಲಿವರ್ ರೈಫಲ್‌ಗೇ ಅಂಟಿಕೊಳ್ಳಿ. ಪಕ್ಕದ ಓಹಿಯೋದಲ್ಲಿ ನಿಯಮವೇ ಬೇರೆ. ಅಲ್ಲಿ ಜಿಂಕೆಗೆ ರೈಫಲ್ ಬಳಸಬೇಕಾದರೆ ಕತ್ತು ಕಿರಿದಾಗದ ನೇರ ಕೊಪ್ಪಿನ ತೋಟಾಗಳೇ ಆಗಬೇಕು, .308 ನಡೆಯದು. ಗಡಿ ದಾಟಿ ಕರೆದರೆ ಆ ರಾಜ್ಯದ ಪುಸ್ತಿಕೆಯನ್ನು ಬೇರೆಯಾಗಿ ಓದಿ.

ಪೊದೆ ಸೀಳುವ ಗುಂಡು ಎಂಬ ಮಾತನ್ನು ನಿಮ್ಮ ಗೆಳೆಯರು ಖಂಡಿತ ಆಡುತ್ತಾರೆ. .30-30, .35 ರೆಮಿಂಗ್ಟನ್, .45-70ರಂತಹ ನಿಧಾನದ, ಭಾರದ ಗುಂಡುಗಳು ಕಡ್ಡಿ ಕೊಂಬೆಗಳನ್ನು ಮುರಿದುಕೊಂಡು ನೇರ ಹೋಗುತ್ತವೆ ಎಂಬ ನಂಬಿಕೆ ಆ ಕಾಡುಗಳಲ್ಲಿ ಬಹಳ ಹಳೆಯದು. ನಂಬಬೇಡಿ. ಯಾವ ಗುಂಡೇ ಆಗಲಿ ಕಡ್ಡಿಗೆ ತಗುಲಿದರೆ ದಾರಿ ತಪ್ಪುತ್ತದೆ. ಭಾರದ ಗುಂಡು ಸ್ವಲ್ಪ ಕಡಿಮೆ ತಪ್ಪಬಹುದು, ಆದರೆ ಎಷ್ಟು, ಯಾವ ಕಡೆಗೆ ಎಂದು ಹೇಳಬಲ್ಲವರಿಲ್ಲ. ಕಡ್ಡಿ ಜಿಂಕೆಯಿಂದ ದೂರ, ನಿಮಗೆ ಹತ್ತಿರ ಇದ್ದಷ್ಟೂ ತಪ್ಪು ದೊಡ್ಡದಾಗುತ್ತದೆ. ಲಿವರ್ ರೈಫಲ್ ಕಾಡಿಗೆ ಒಗ್ಗುವುದು ಅದು ಗಿಡ್ಡ, ಹಗುರ, ಬೇಗ ಭುಜಕ್ಕೆ ಏರುತ್ತದೆ ಎಂಬುದಕ್ಕೆ. ಸಂದಿ ಸಿಗುವವರೆಗೆ ಕಾಯುವುದು ನಿಮ್ಮ ಕೆಲಸ.

ಈಗ ಆ .30-30 ಬಗ್ಗೆ. ಅದರ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಸಿಡಿಗುಬ್ಬಿಗೆ (ಪೆಟ್ಟು ಬಿದ್ದರೆ ಸಿಡಿಯುವ ಪ್ರೈಮರ್) ಒತ್ತಿಕೊಂಡು. ಆದ್ದರಿಂದ ಮೊಂಡು ಮೂತಿಯ ಗುಂಡುಗಳೇ ಬೇಕು. ಗಟ್ಟಿ ಚೂಪು ತುದಿಯ ಗುಂಡು ಹಾಕಿದರೆ ಕೊಳವೆಯೊಳಗೇ ಸಿಡಿಯುವ ಅಪಾಯವಿದೆ. ರಬ್ಬರಿನಂತಹ ಮೆತ್ತನೆಯ ತುದಿಯಿಟ್ಟು ಇಂತಹ ರೈಫಲ್‌ಗೆಂದೇ ಮಾಡಿದ ಚೂಪು ಗುಂಡುಗಳಿವೆ, ಅವು ಸರಿ. ಎರಡನೆಯದು ಸುತ್ತಿಗೆಯ ವಿಷಯ. ಹಳೆಯ ಲಿವರ್ ರೈಫಲ್‌ಗಳಲ್ಲಿ ಬೇರೆ ಸುರಕ್ಷತಾ ಗುಂಡಿ ಇರುವುದಿಲ್ಲ. ಹೊರಗೆ ಕಾಣುವ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು. ಚಳಿಗೆ ಮರಗಟ್ಟಿದ, ಕೈಗವಸು ತೊಟ್ಟ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಹಾಗಾಗಿ ಮೊದಲು ಖಾಲಿ ರೈಫಲ್‌ನಲ್ಲಿ ಕೈ ಪಳಗುವವರೆಗೆ ಇದನ್ನು ಮಾಡಿ. ಹಲವು ಹಳೆಯ ರೈಫಲ್‌ಗಳನ್ನು ಖಾಲಿ ಮಾಡಲು ಪ್ರತಿ ತೋಟಾವನ್ನೂ ಲಿವರ್ ಆಡಿಸಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಕೋಣೆಯ ಮೂಲಕವೇ ಹೊರತೆಗೆಯಬೇಕಾಗುತ್ತದೆ. ಆ ಹೊತ್ತಿನಲ್ಲಿ ನಳಿಗೆ ನೆಲದ ಕಡೆಗೆ, ಬೆರಳು ಕುದುರೆಯಿಂದ ದೂರ. ಇದೆಲ್ಲ ಕಿರಿಕಿರಿ ಎನ್ನಿಸಿದರೆ ಬೋಲ್ಟ್ ರೈಫಲ್‌ನ ಸರಳತೆಯೇ ನಿಮಗೆ ಒಳ್ಳೆಯದು, ಅದರಲ್ಲಿ ಸಂಕೋಚ ಬೇಡ.

ಕ್ಯಾಲಿಬರ್ ಆರಿಸಲು ಕೊಡುವ ಸಮಯದ ಅರ್ಧವನ್ನಾದರೂ ಗುಂಡು ಆರಿಸಲು ಕೊಡಿ. ಜಿಂಕೆಗೆ ಮೆದು ಮೂತಿಯ, ಒಳಹೊಕ್ಕು ಅರಳುವ ಗುಂಡು ಬೇಕು. ಪೂರ್ತಿ ಲೋಹದ ಕವಚದ ಸೈನಿಕ ಮಾದರಿಯದ್ದು ಸೂಜಿ ಚುಚ್ಚಿದಂತೆ ಹಾಯ್ದು ಹೋಗಿ ಪ್ರಾಣಿಯನ್ನು ನಿಧಾನವಾಗಿ ಕೊಲ್ಲುತ್ತದೆ. ಅಮೆರಿಕದ ಹಲವು ರಾಜ್ಯಗಳು ಬೇಟೆಗೆ ಅದನ್ನು ನಿಷೇಧಿಸಿವೆ. ಸೀಸದ ಗುಂಡು ಒಳಗೆ ಒಡೆದಾಗ ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಸಾಕಷ್ಟು ದೂರದವರೆಗೆ ಹರಡುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದು ಅವರೂ ಆ ಮಾಂಸ ತಿನ್ನುವವರಿದ್ದರೆ ಪೂರ್ತಿ ತಾಮ್ರದ ಗುಂಡು ಕೊಳ್ಳಿ, ಬೆಲೆ ಹೆಚ್ಚಾದರೂ. ಯಾವ ತೋಟಾದಿಂದ ಬೇಟೆಯಾಡುತ್ತೀರೋ ಅದೇ ತೋಟಾದಿಂದ ಗುರಿ ಕೂಡಿಸಿ. ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 100 ಗಜಕ್ಕೆ ಗುರಿ ಕೂಡಿಸಿದ .30-30 ಗುಂಡು 200 ಗಜದಲ್ಲಿ ಸುಮಾರು 8 ಇಂಚು ಇಳಿಯುತ್ತದೆ, .308 ಸುಮಾರು 4 ಇಂಚು. ನೂರರೊಳಗೆ ಎರಡಕ್ಕೂ ಲೆಕ್ಕವೇ ಬೇಡ. ದೂರದರ್ಶಕ ಹಾಕುವುದಾದರೆ 1ರಿಂದ 4 ಅಥವಾ 2ರಿಂದ 7 ಪಟ್ಟಿನದ್ದು. ಅದಕ್ಕಿಂತ ಹೆಚ್ಚಾದರೆ ಹತ್ತಿರದ ಜಿಂಕೆಯ ರೋಮ ಮಾತ್ರ ತುಂಬಿಕೊಂಡು ಯಾವ ಭಾಗ ಎಂದೇ ತಿಳಿಯುವುದಿಲ್ಲ.

ಅಭ್ಯಾಸವನ್ನು .22 ರೈಫಲ್‌ನಿಂದ ಶುರುಮಾಡಿ. ಒದೆತವಿಲ್ಲ, ಸದ್ದು ಕಡಿಮೆ, ತೋಟಾ ಅಗ್ಗ. ಉಸಿರು ಬಿಟ್ಟು ನಿಲ್ಲಿಸುವುದು, ಕುದುರೆಯನ್ನು ಜಗ್ಗದೆ ಒತ್ತುವುದು ಎರಡೂ ಅಲ್ಲಿಯೇ ಕೂಡಿಬರಬೇಕು. ಆಮೇಲೆ ದೊಡ್ಡ ರೈಫಲ್ ಹಿಡಿದಾಗ ಗೆಳೆಯರೊಬ್ಬರು ನಿಮಗೆ ತಿಳಿಯದಂತೆ ನಡುವೆ ಒಂದು ಹುಸಿ ತೋಟಾ ಸೇರಿಸಲಿ. ಅದು ಸಿಡಿಯದಿದ್ದಾಗ ನಳಿಗೆ ಅಲುಗಿತೇ ಎಂದು ನೋಡಿ. ಅಲುಗಿದರೆ ನೀವು ಬೆಚ್ಚುತ್ತಿದ್ದೀರಿ, ಮತ್ತೆ.22ಕ್ಕೆ ಮರಳಿ. ಕೊನೆಗೆ ಮೇಜಿನ ಆಸರೆ ಬಿಟ್ಟು, ಕಾಡಿನಲ್ಲಿ ಕೂರುವಂತೆಯೇ ಕುಳಿತು, ಎಂಟು ಇಂಚಿನ ಕಾಗದದ ತಟ್ಟೆಗೆ ಹೊಡೆಯಿರಿ. ಎಷ್ಟು ಗಜದವರೆಗೆ ಎಲ್ಲ ಗುಂಡುಗಳೂ ತಟ್ಟೆಯೊಳಗೆ ಬೀಳುತ್ತವೆಯೋ ಅದೇ ನಿಮ್ಮ ಗಡಿ. ಅದು 60 ಗಜವಾದರೆ 60 ಗಜ. ಎಪ್ಪತ್ತರಲ್ಲಿ ಎಷ್ಟೇ ದೊಡ್ಡ ಕೊಂಬಿನ ಗಂಡು ನಿಂತರೂ ಕುದುರೆ ಮುಟ್ಟಬೇಡಿ.

ಕಾಡಿನಲ್ಲಿ ಜಿಂಕೆ ಅಡ್ಡಲಾಗಿ, ಇಲ್ಲವೇ ತುಸು ಆಚೆ ಮುಖ ಮಾಡಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಪಾಲಿನ ಹತ್ತಿರ ಗುರಿ ಇಡಿ. ಓಡುವುದಕ್ಕೆ ಹೊಡೆಯಬೇಡಿ, ತಲೆಗೆ ಹೊಡೆಯಬೇಡಿ. ಜಿಂಕೆಯ ಹಿಂದೆ ಮಣ್ಣು ಇರಬೇಕು, ಆಕಾಶವಲ್ಲ; .308 ಗುಂಡು ತಡೆಯಿಲ್ಲದೆ ಹೋದರೆ ಮೈಲಿಗಳಾಚೆ ಬೀಳುತ್ತದೆ. ಗುಂಡು ತಗುಲಿದ ಮೇಲೆ ಅರ್ಧ ಗಂಟೆ ಕುಳಿತಲ್ಲಿಯೇ ಕುಳಿತಿರಿ. ಹೊಟ್ಟೆಗೆ ಬಿದ್ದಿದೆ ಎಂಬ ಅನುಮಾನವಿದ್ದರೆ ಹಲವು ಗಂಟೆ. ಬೆನ್ನಟ್ಟಿದರೆ ಅದು ಸಾಯುವ ಜಾಗ ನಿಮಗೆ ಸಿಗದಷ್ಟು ದೂರ ಹೋಗುತ್ತದೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂರಿಸಿದರೆ ಮೈಗೆ ಪಟ್ಟಿ ಬಿಗಿಯದೆ ಹತ್ತಬೇಡಿ. ಅಲ್ಲಿನ ಬೇಟೆಗಾರರು ಕೈಕಾಲು ಮುರಿದುಕೊಳ್ಳುವುದು, ಪ್ರಾಣ ಕಳೆದುಕೊಳ್ಳುವುದು ಇಂತಹ ಬೀಳುವಿಕೆಗಳಿಂದ ಬಹಳ. ರೈಫಲನ್ನು ಖಾಲಿ ಮಾಡಿ, ನೀವು ಹತ್ತಿದ ಮೇಲೆ ಹಗ್ಗದಿಂದ ಎಳೆದುಕೊಳ್ಳಿ. ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಾಣಬೇಕೆಂಬುದು ಪೆನ್ಸಿಲ್ವೇನಿಯಾದ ನಿಯಮ. ಜಿಂಕೆಗೆ ಆ ಬಣ್ಣ ನಮಗೆ ಕಾಣುವಂತೆ ಕಾಣುವುದಿಲ್ಲ, ಮನುಷ್ಯರಿಗೆ ಕಾಣುತ್ತದೆ. ಜಿಂಕೆಗಳ ಮೆದುಳನ್ನು ತಿಂದು ಮೈಯನ್ನು ಕ್ಷಯಿಸುವ ರೋಗವೊಂದು ಆ ರಾಜ್ಯದಲ್ಲಿ 2012ರಿಂದ ಕಂಡುಬಂದಿದೆ. ರೋಗ ಕಂಡ ಪ್ರದೇಶದ ಜಿಂಕೆಯಾದರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಾಂಸ ಬೇಯಿಸಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಬೇಡ. ಆ ವಿಚಾರವನ್ನೇ ಬಿಡಿ. ನೀವು ಚಿಗರಿ ಎನ್ನುವ ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಸೆರೆಮನೆ, ಕನಿಷ್ಠ 25,000 ರೂಪಾಯಿ ದಂಡ. ಹೊಲ ನಿಮ್ಮದು, ಬಂದೂಕಿಗೆ ಪರವಾನಗಿ ಇದೆ ಎಂಬುದು ಸಮರ್ಥನೆ ಆಗುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಬಂದೂಕು ಇಟ್ಟುಕೊಳ್ಳಲು ಕೊಟ್ಟದ್ದು, ಬೇಟೆಯಾಡಲು ಅಲ್ಲ. ರೈಫಲನ್ನು ತರುವ ಮಾತೂ ಸುಲಭವಲ್ಲ. ಸೇನೆ ಬಳಸುವ 7.62 ಮಿಲಿಮೀಟರ್ ನಮ್ಮಲ್ಲಿ ನಿಷೇಧಿತ ಬೋರ್, .308 ಅದರ ಒಡಹುಟ್ಟು. ಪರವಾನಗಿ, ಕಸ್ಟಮ್ಸ್ ಎರಡೂ ಕಡೆ ಸಿಕ್ಕಿಬೀಳುತ್ತೀರಿ. ಎರವಲು ತಂದದ್ದನ್ನು ಅಲ್ಲಿಯೇ ಹಿಂದಿರುಗಿಸಿ, ಕೊಂಡದ್ದನ್ನು ಅಲ್ಲಿಯೇ ಮಾರಿ ಬನ್ನಿ.

ಹೊಲದ ನಷ್ಟ ನಿಜವಾದದ್ದು, ಅದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ರೈತರು ಮೊಳಕೆ ಬಂದ ಬೆಳೆಯನ್ನು ಚಿಗರಿ ಹಿಂಡಿಗೆ ಕಳೆದುಕೊಂಡು ಮತ್ತೆ ಬಿತ್ತುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಅಪ್ಪನಿಗೆ ಹೇಳಿ: ಹಾನಿಯಾದ ಕೂಡಲೇ ಹೊಲದ ಫೋಟೊ ತೆಗೆಸಲಿ, ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಲಿ. ಸಿಬ್ಬಂದಿ ಬಂದು ನೋಡುವವರೆಗೆ ಹೊಲವನ್ನು ಹರಗಬಾರದು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯದೆ ಮನೆಗೆ ಬರಬಾರದು.